ಸ್ಪ್ರಿಂಗ್ ಎತ್ತುತ್ತೆ, ಹಿಡಿಯೋದು ಯಾರು?

ಆಫ್‌ರೋಡ್ ಗಾಡಿ ಹುಚ್ಚು ಇರೋರ ಜೊತೆ ಐದು ನಿಮಿಷ ಮಾತಾಡಿ ನೋಡಿ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಎಷ್ಟು ಇಂಚು ಲಿಫ್ಟ್ ಮಾಡಿಸಿದ್ದೀಯ?’ ಒಂದು ಇಂಚು ಅಂದರೆ ಯಾರೂ ತಿರುಗಿ ನೋಡಲ್ಲ. ಎರಡು ಅಂದರೆ ಪರವಾಗಿಲ್ಲ. ಮೂರು ಅಂದರೆ ಫೋನ್ ತೆಗೆದು ಫೋಟೋ. ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲೂ ಇದೇ ಕಥೆ. ಆದರೆ ‘ಇಷ್ಟು ಎತ್ತರಕ್ಕೆ ಕಂಟ್ರೋಲ್ ಆರ್ಮ್ ಯಾವುದು ಹಾಕಿಸಿದ್ದೀಯ?’ ಅಂತ ಕೇಳಿದವರನ್ನ ನಾನು ಇಲ್ಲಿವರೆಗೂ ನೋಡಿಲ್ಲ. ಈ ಬರಹ ಆ ಎರಡನೇ ಪ್ರಶ್ನೆ ಬಗ್ಗೆ. ಇದು ನನಗೆ ಕ್ಲಾಸಿನಲ್ಲಿ ಹುಟ್ಟಿದ ಪ್ರಶ್ನೆ ಅಲ್ಲ, ಮನೆಯಲ್ಲಿ ಹುಟ್ಟಿದ್ದು.

ನಮ್ಮೂರು ಕೊಟ್ಟೂರಿನ ಹತ್ತಿರ ಒಂದು ಹಳ್ಳಿ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆ ಆದಾಗ ಅದರಲ್ಲಿ ಆರು ತಾಲ್ಲೂಕು. ಹೊಸಪೇಟೆ ಎಲ್ಲರಿಗೂ ಗೊತ್ತು, ಹಂಪಿಗೆ ಹೋಗೋರೆಲ್ಲ ಇಳಿಯೋದು ಅಲ್ಲೇ. ಉಳಿದ ಐದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ನಮ್ಮ ದೊಡ್ಡಪ್ಪನ ಮಗ, ಅಂದರೆ ನನ್ನ ಅಣ್ಣ, ಈ ಐದೂ ತಾಲ್ಲೂಕು ಸುತ್ತುತ್ತಾನೆ. ಅವನದು ಗಾಳಿಯಂತ್ರಗಳ ಮೇಂಟೆನೆನ್ಸ್ ಕೆಲಸ. ಗಾಳಿಯಂತ್ರ ಇರೋದು ಗುಡ್ಡದ ನೆತ್ತಿ ಮೇಲೆ. ಕಟ್ಟುವಾಗ ಕ್ರೇನ್ ಬರಲಿ ಅಂತ ದಾರಿ ಚೆನ್ನಾಗಿ ಮಾಡಿರ್ತಾರೆ. ಆಮೇಲೆ ನಾಲ್ಕು ಮಳೆಗಾಲ ಕಳೆದರೆ ಅಲ್ಲಿ ಉಳಿಯೋದು ಕೊರಕಲು ಮತ್ತು ಕಲ್ಲು. ಕೂಡ್ಲಿಗಿ ಕಡೆ ಮಸಾರಿ ನೆಲ, ಗುಡೇಕೋಟೆಯತ್ತ ಹೋದರೆ ಬರೀ ಬಂಡೆ. ಹಡಗಲಿ ಕಡೆ ಎರೆ ಹೊಲ, ಒಂದು ಮಳೆ ಬಿದ್ದರೆ ಚಪ್ಪಲಿ ಸಮೇತ ಕಾಲು ಹಿಡಿದುಕೊಳ್ಳುತ್ತೆ. ಹಾಗಾಗಿ ಅಣ್ಣನಿಗೆ ಫೋರ್ ವೀಲ್ ಡ್ರೈವ್ ಬೇಕು ಅನ್ನೋದು ಶೋಕಿ ಅಲ್ಲ. ಅವನು ಒಂದು ಸೆಕೆಂಡ್ ಹ್ಯಾಂಡ್ ಜಿಮ್ನಿ ತಗೊಂಡ.

ಗಾಡಿ ಬರುವಾಗಲೇ ಎತ್ತರವಾಗಿ ಬಂತು. ಹಿಂದಿನ ಓನರ್ 50 ಮಿಲಿಮೀಟರ್ ಲಿಫ್ಟ್ ಸ್ಪ್ರಿಂಗ್, ಅದಕ್ಕೆ ತಕ್ಕ ಉದ್ದದ ಶಾಕ್ ಅಬ್ಸಾರ್ಬರ್ ಹಾಕಿಸಿದ್ದರು. ಬಿಲ್ ಕೊಟ್ಟರು, ಕಂಪನಿಯ ಹಳೇ ಸ್ಪ್ರಿಂಗ್, ಶಾಕ್ ಎಲ್ಲಾ ಒಂದು ಗೋಣಿಚೀಲದಲ್ಲಿ ಕಟ್ಟಿ ಕೊಟ್ಟರು. ಅಣ್ಣನಿಗೆ ಖುಷಿಯೋ ಖುಷಿ. ಗಾಡಿ ನಿಂತರೆ ಹುಲಿ ಹಾಗೆ ಕಾಣ್ತಿತ್ತು. ಗುಡ್ಡದ ದಾರಿಯಲ್ಲಿ ಯಾವ ದೂರೂ ಇಲ್ಲ.

ದೂರು ಶುರುವಾಗಿದ್ದು ಹೈವೇಯಲ್ಲಿ. ಕೂಡ್ಲಿಗಿ ಮೇಲೆ ಹಾದು ಹೋಗೋ ರಾಷ್ಟ್ರೀಯ ಹೆದ್ದಾರಿ 50ರಲ್ಲಿ 80 ದಾಟಿದರೆ ಗಾಡಿ ತನ್ನ ಪಾಡಿಗೆ ತಾನು ಎಡಕ್ಕೋ ಬಲಕ್ಕೋ ಸರಿಯೋದು. ಲಾರಿ ಓವರ್‌ಟೇಕ್ ಮಾಡಿದರೆ ಗಾಳಿ ಹೊಡೆತಕ್ಕೆ ಇನ್ನೂ ಜಾಸ್ತಿ. ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿ ಕೈ ಸಡಿಲ ಮಾಡಿದರೆ ಅದು ತಾನಾಗೇ ವಾಪಸ್ ಬರ್ತಿರಲಿಲ್ಲ, ತಿರುಗಿಸಿದಲ್ಲೇ ಇರೋದು. ಒಂದು ರಾತ್ರಿ ಸೇತುವೆ ಜಾಯಿಂಟ್ ಮೇಲೆ ಹತ್ತಿ ಇಳಿದಾಗ ಮುಂದಿನ ಎರಡೂ ಚಕ್ರ ಗಡಗಡ ಅಂತ ನಡುಗಿ, ಬ್ರೇಕ್ ಹಿಡಿದು 40ಕ್ಕೆ ಇಳಿಸೋವರೆಗೂ ನಿಲ್ಲಲಿಲ್ಲವಂತೆ. ಗಾಡಿಯಲ್ಲಿ ಅವನ ಜೊತೆ ಮೂರು ಜನ ಕೆಲಸದವರಿದ್ದರು. ಅದೇ ಗಾಡಿಯಲ್ಲೇ ಅವನ ಆರು ವರ್ಷದ ಮಗಳು ಶಾಲೆಗೆ ಹೋಗಿ ಬರೋದು.

ಮೆಕ್ಯಾನಿಕ್ ಒಬ್ಬರು ಟೈರ್ ಬ್ಯಾಲೆನ್ಸಿಂಗ್ ಮಾಡಿದರು. ಇನ್ನೊಬ್ಬರು ಸ್ಟೀರಿಂಗ್ ಡ್ಯಾಂಪರ್ ಬದಲಿಸಿದರು. ಎರಡರಿಂದಲೂ ಒಂದು ವಾರ ಪರವಾಗಿಲ್ಲ ಅನ್ನಿಸಿ ಮತ್ತೆ ಅದೇ. ನಾನು ದಸರಾ ರಜೆಗೆ ಊರಿಗೆ ಹೋದಾಗ ದೊಡ್ಡಪ್ಪ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರು: ‘ನಾನಂತೂ ಆ ಗಾಡಿ ಹತ್ತಲ್ಲ. ಕೂಸಿನ್ನೂ ಹತ್ತಸಬ್ಯಾಡ್ರಿ.’ ಅಣ್ಣ ನನ್ನ ಕಡೆ ನೋಡಿ, ‘ಏನವ್ವಾ ಇಂಜಿನಿಯರ್, ನೀನರ ಹೇಳು’ ಅಂದ. ಇಬ್ಬರ ನಡುವೆ ಹದಿನೈದು ದಿನದಿಂದ ಮಾತು ಅಷ್ಟಕ್ಕಷ್ಟೇ ಇತ್ತು ಅಂತ ದೊಡ್ಡಮ್ಮ ಆಮೇಲೆ ಹೇಳಿದರು.

ಇಲ್ಲಿ ಸ್ವಲ್ಪ ಮೆಕ್ಯಾನಿಕಲ್ ಮಾತಾಡಲೇಬೇಕು. ಬೇರೆ ಬ್ರಾಂಚಿನವರು ಹೆದರಬೇಡಿ, ಪೈಥಾಗೊರಸ್ ದಾಟಿ ಹೋಗಲ್ಲ.

ಸಸ್ಪೆನ್ಷನ್‌ಗೆ ಎರಡು ಕೆಲಸ. ಒಂದು, ಗಾಡಿ ಭಾರ ಹೊರೋದು. ಇನ್ನೊಂದು, ಆಕ್ಸಲ್ ಅನ್ನು ಅದರ ಜಾಗದಲ್ಲಿ, ಅದರ ಕೋನದಲ್ಲಿ ಹಿಡಿದಿಡೋದು. ನಮ್ಮ ಊರುಗಳಲ್ಲಿ ಓಡಾಡ್ತಿದ್ದ ಹಳೇ ಮಹೀಂದ್ರ ಜೀಪು, 1985ರಲ್ಲಿ ಬಂದ ಜಿಪ್ಸಿ, ಎಲ್ಲದರಲ್ಲೂ ಇದ್ದಿದ್ದು ಲೀಫ್ ಸ್ಪ್ರಿಂಗ್. ಲಾರಿ ಕೆಳಗೆ ಬಗ್ಗಿ ನೋಡಿದರೆ ಕಾಣುತ್ತಲ್ಲ, ಪಟ್ಟಿ ಮೇಲೆ ಪಟ್ಟಿ ಜೋಡಿಸಿದ ಕಮಾನು, ಅದೇ. ಅದು ಎರಡೂ ಕೆಲಸ ಒಬ್ಬನೇ ಮಾಡುತ್ತೆ. ಹೊರೋದೂ ಅದೇ, ಹಿಡಿಯೋದೂ ಅದೇ.

ಜಿಮ್ನಿಯಲ್ಲಿ ಇರೋದು ಕಾಯಿಲ್ ಸ್ಪ್ರಿಂಗ್. ಕಾಯಿಲ್ ಸ್ಪ್ರಿಂಗ್ ಮೆತ್ತಗೆ ಇರುತ್ತೆ, ಚೆನ್ನಾಗಿ ಭಾರ ಹೊರುತ್ತೆ, ಆದರೆ ಏನನ್ನೂ ಹಿಡಿದಿಡಲ್ಲ. ಪೆನ್ನಿನ ಸ್ಪ್ರಿಂಗ್ ಅನ್ನು ಬೆರಳ ಮೇಲೆ ನಿಲ್ಲಿಸಿ ಪಕ್ಕಕ್ಕೆ ತಳ್ಳಿ ನೋಡಿ, ಗೊತ್ತಾಗುತ್ತೆ. ಅದಕ್ಕೇ ಹಿಡಿಯೋ ಕೆಲಸಕ್ಕೆ ಬೇರೆ ಆಳು ಬೇಕು. ಅವೇ ಕಂಟ್ರೋಲ್ ಆರ್ಮ್‌ಗಳು. ಜಿಮ್ನಿಯ ಮುಂದಿನ ಆಕ್ಸಲ್‌ಗೆ ಎಡಕ್ಕೊಂದು ಬಲಕ್ಕೊಂದು ಆರ್ಮ್, ಮತ್ತೆ ಅಡ್ಡಕ್ಕೆ ಒಂದು ರಾಡ್. ಹಿಂದಿನ ಆಕ್ಸಲ್‌ಗೂ ಹಾಗೇ. ಆರ್ಮ್‌ಗಳು ಆಕ್ಸಲ್ ಹಿಂದೆ ಮುಂದೆ ಹೋಗದಂತೆ, ಉರುಳದಂತೆ ಹಿಡಿಯುತ್ತವೆ. ಅಡ್ಡ ರಾಡ್ ಆಕ್ಸಲ್ ಎಡ ಬಲ ಸರಿಯದಂತೆ ಹಿಡಿಯುತ್ತೆ.

ಲಿಫ್ಟ್ ಕಿಟ್ ಅಂತ ಮಾರೋದು ಬಹುತೇಕ ಸ್ಪ್ರಿಂಗ್ ಮತ್ತು ಶಾಕ್. ಅಂದರೆ ಹೊರೋ ಆಳಿಗೆ ಮಾತ್ರ ಹೊಸ ಎತ್ತರ. ಹಿಡಿಯೋ ಆಳು ಹಳೇ ಅಳತೆಯಲ್ಲೇ ಉಳೀತಾನೆ.

ಈಗ ಲೆಕ್ಕ. ಮುಂದಿನ ಆರ್ಮ್‌ನ ಒಂದು ತುದಿ ಆಕ್ಸಲ್‌ಗೆ, ಇನ್ನೊಂದು ತುದಿ ಅದಕ್ಕಿಂತ ಹಿಂದೆ ಚಾಸಿಗೆ. ಲೆಕ್ಕ ಸುಲಭ ಆಗಲಿ ಅಂತ ಆರ್ಮ್ ಉದ್ದ 700 ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಸ್ಪ್ರಿಂಗ್ ಬದಲಿಸಿ ಚಾಸಿಯನ್ನು 50 ಮಿಲಿಮೀಟರ್ ಎತ್ತಿದರೆ ಆರ್ಮ್‌ನ ಚಾಸಿ ಕಡೆ ತುದಿಯೂ 50 ಮೇಲೆ ಹೋಗುತ್ತೆ. ಮಲಗಿದ್ದ ಆರ್ಮ್ ಈಗ ಓರೆ. 50ನ್ನು 700ರಿಂದ ಭಾಗಿಸಿ ಸೈನ್ ಇನ್ವರ್ಸ್ ಒತ್ತಿದರೆ ಸುಮಾರು 4 ಡಿಗ್ರಿ.

ನಾಲ್ಕು ಡಿಗ್ರಿ ತಾನೆ ಅನ್ನಬೇಡಿ. ಜಿಮ್ನಿಯ ಆರ್ಮ್ ಆಕ್ಸಲ್‌ಗೆ ಒಂದು ಬೋಲ್ಟ್‌ನಲ್ಲಿ ಕೂತಿಲ್ಲ, ಆಕ್ಸಲ್‌ನ ಹಿಂದೊಂದು ಮುಂದೊಂದು ಎರಡು ಬುಷ್‌ಗಳಲ್ಲಿ ಕೂತಿದೆ. ಹಾಗಾಗಿ ಆರ್ಮ್ ಎಷ್ಟು ಓರೆಯಾಗುತ್ತೋ ಆಕ್ಸಲ್ ಹೌಸಿಂಗ್ ಕೂಡ ಅಷ್ಟೇ ತಿರುಗುತ್ತೆ. ಆರ್ಮ್‌ನ ಹಿಂತುದಿ ಮೇಲೆದ್ದರೆ ಆಕ್ಸಲ್ ಮುಂದಕ್ಕೆ ಮುಗ್ಗರಿಸುತ್ತೆ. ಆಗ ಹಾಳಾಗೋದು ಕ್ಯಾಸ್ಟರ್.

ಕ್ಯಾಸ್ಟರ್ ಏನು ಅಂತ ತಿಳಿಯೋಕೆ ಸೈಕಲ್ ಸಾಕು. ಸೈಕಲ್‌ನ ಮುಂದಿನ ಫೋರ್ಕ್ ನೆಟ್ಟಗೆ ಇರಲ್ಲ, ಅದರ ಮೇಲ್ತುದಿ ಸವಾರನ ಕಡೆ ವಾಲಿರುತ್ತೆ. ಆ ವಾಲಿಕೆಯಿಂದ ಸ್ಟೀರಿಂಗ್‌ನ ಅಕ್ಷರೇಖೆ ನೆಲ ಮುಟ್ಟೋ ಜಾಗ ಮುಂದೆ, ಟೈರ್ ನೆಲ ಮುಟ್ಟೋ ಜಾಗ ಅದರ ಹಿಂದೆ. ಚಕ್ರ ಯಾವಾಗಲೂ ಹಿಂದೆ ಬೀಳೋ ಬಾಲದ ಹಾಗೆ ನೇರವಾಗುತ್ತೆ. ಕೈ ಬಿಟ್ಟು ಸೈಕಲ್ ಹೊಡೆಯೋಕೆ ಆಗೋದರಲ್ಲಿ ಇದಕ್ಕೂ ಪಾಲಿದೆ. ಕಾರಿನಲ್ಲೂ ತಿರುವಿನ ನಂತರ ಸ್ಟೀರಿಂಗ್ ತಾನಾಗೇ ವಾಪಸ್ ಬರೋದಕ್ಕೆ ದೊಡ್ಡ ಕಾರಣ ಇದೇ. ಇಂಥ ಗಾಡಿಗಳಲ್ಲಿ ಕಂಪನಿ ಕೊಡೋ ಕ್ಯಾಸ್ಟರ್ ಇರೋದೇ ಕೆಲವೇ ಡಿಗ್ರಿ. ಅದರಲ್ಲಿ ನಾಲ್ಕು ಡಿಗ್ರಿ ಕಳೆದರೆ ಉಳಿಯೋದು ಏನು? ಅಣ್ಣ ಹೊಸಪೇಟೆಯಲ್ಲಿ ಅಲೈನ್‌ಮೆಂಟ್ ಮಾಡಿಸಿದ ಪ್ರಿಂಟ್‌ಔಟ್ ತಂದಿದ್ದ. ಅದರಲ್ಲಿ ಕ್ಯಾಸ್ಟರ್ ಎರಡೂ ಕಡೆ ಸೊನ್ನೆಯ ಆಸುಪಾಸಿನಲ್ಲಿತ್ತು, ಕೆಂಪು ಬಣ್ಣದಲ್ಲಿ. ಅಂಗಡಿಯವರು ‘ಟೋ ಸರಿ ಮಾಡಿದೀವಿ, ಇದು ಅಡ್ಜಸ್ಟ್ ಬರಲ್ಲ ಸಾರ್’ ಅಂದಿದ್ದರಂತೆ. ಅವರು ಹೇಳಿದ್ದು ನಿಜವೇ. ಈ ಗಾಡಿಯ ಗಟ್ಟಿ ಆಕ್ಸಲ್‌ನಲ್ಲಿ ಕ್ಯಾಸ್ಟರ್ ತಿರುಗಿಸೋಕೆ ಅಂತ ಯಾವ ನಟ್ಟೂ ಇಲ್ಲ. ಅದನ್ನ ತೀರ್ಮಾನ ಮಾಡೋದೇ ಆರ್ಮ್.

ಮರುದಿನ ಅಂಗಳದಲ್ಲಿ ನಾನು, ಅಣ್ಣ ಸೇರಿ ಅಳೆದೆವು. ಗಾರೆ ಕೆಲಸದವರ ತೂಕದ ಗುಂಡನ್ನು ಮುಂದಿನ ಎರಡೂ ಮಡ್‌ಗಾರ್ಡ್ ಅಂಚಿನಿಂದ ಇಳಿಬಿಟ್ಟು ದಾರದಿಂದ ರಿಮ್‌ವರೆಗಿನ ಅಂತರ ನೋಡಿದೆವು. ಎಡಕ್ಕೂ ಬಲಕ್ಕೂ 13 ಮಿಲಿಮೀಟರ್ ವ್ಯತ್ಯಾಸ. ಅಂದರೆ ಆಕ್ಸಲ್ ಅದರ ಅರ್ಧದಷ್ಟು, ಆರೂವರೆ ಮಿಲಿಮೀಟರ್, ಒಂದು ಕಡೆ ಸರಿದಿದೆ. ಇದಕ್ಕೆ ಕಾರಣ ಅಡ್ಡ ರಾಡ್. ಅದರ ಒಂದು ತುದಿ ಚಾಸಿಗೆ, ಒಂದು ತುದಿ ಆಕ್ಸಲ್‌ಗೆ. ಉದ್ದ ಬದಲಾಗದೆ ಓರೆ ಜಾಸ್ತಿಯಾದರೆ ಆಕ್ಸಲ್ ಅನ್ನು ಚಾಸಿ ತುದಿಯ ಕಡೆ ಎಳೆದುಕೊಳ್ಳಲೇಬೇಕು. 900 ಮಿಲಿಮೀಟರ್ ರಾಡ್, ಒಂದು ತುದಿ ಮೊದಲೇ 80 ಎತ್ತರದಲ್ಲಿದ್ದು ಈಗ 130 ಆಯಿತು ಅಂತ ಲೆಕ್ಕ ಹಾಕಿ. 896.4 ಇದ್ದ ಅಡ್ಡ ಅಳತೆ 890.6 ಆಗುತ್ತೆ. ಹೆಚ್ಚು ಕಡಿಮೆ 6 ಮಿಲಿಮೀಟರ್. ಗುಂಡು ಸುಳ್ಳು ಹೇಳಿರಲಿಲ್ಲ.

ಇದೇ ಪೈಥಾಗೊರಸ್ ಇನ್ನೊಂದು ವಿಷಯ ಹೇಳುತ್ತೆ. 700ರ ಆರ್ಮ್ ಪೂರ್ತಿ ಮಲಗಿದ್ದಾಗ 50 ಎತ್ತಿದರೆ ಚಕ್ರ ಹಿಂದೆ ಸರಿಯೋದು ಬರೀ 1.8 ಮಿಲಿಮೀಟರ್. ಆದರೆ ಅದು ಮೊದಲೇ 100 ಮಿಲಿಮೀಟರ್ ಓರೆ ಇದ್ದು, ಅದರ ಮೇಲೆ ಮತ್ತೆ 50 ಎತ್ತಿದರೆ 9 ಮಿಲಿಮೀಟರ್. ಅದೇ 50, ಐದು ಪಟ್ಟು ಪರಿಣಾಮ. ‘ಎರಡು ಇಂಚಿಗೆ ಏನೂ ಆಗಿಲ್ಲ, ಇನ್ನೊಂದು ಇಂಚು ಹಾಕಿದರೆ ಏನಾಗುತ್ತೆ’ ಅನ್ನೋ ವಾದ ಮುರಿಯೋದು ಇಲ್ಲೇ. ಪ್ರತಿ ಹೊಸ ಇಂಚೂ ಹಿಂದಿನ ಇಂಚಿಗಿಂತ ದುಬಾರಿ.

ನಾವು ಗಾಡಿ ಕೆಳಗೆ ಮಲಗಿ ಹೀಗೆ ಗುದ್ದಾಡುವಾಗ ದೊಡ್ಡಪ್ಪ ಬಂದು ಕೂತರು. ಆರ್ಮ್ ಯಾವುದು, ಅದರ ಕೆಲಸ ಏನು ಅಂತ ಕೇಳಿದರು. ನನಗೆ ಈ ಪದಗಳೆಲ್ಲ ಗೊತ್ತಿದ್ದದ್ದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಹೇಳೋಕೆ ಹೋಗಿ ಕೈ ಆಡಿಸಿ ತೋರಿಸಿದೆ. ಕೆಳಗಿನ ಲಿಂಕ್ ಆಕ್ಸಲ್ ಹಿಡಿಯುತ್ತೆ, ಚಾಸಿ ಎತ್ತಿದರೆ ಆಕ್ಸಲ್ ಮೂತಿ ತಿರುಗುತ್ತೆ ಅಂದೆ. ಅವರು ಒಂದು ನಿಮಿಷ ಸುಮ್ಮನಿದ್ದು ಕೇಳಿದರು: ‘ಹಂಗಾದ್ರ ಇದ್ರಾಗ ಟಾಪ್ ಲಿಂಕ್ ಎಲ್ಲೈತಿ?’

ಟ್ರ್ಯಾಕ್ಟರ್ ಇರೋ ಮನೆಯವರಿಗೆ ಇದು ಅರ್ಥ ಆಗಿರುತ್ತೆ. ಉಳಿದವರಿಗೆ ಹೇಳ್ತೀನಿ. ಟ್ರ್ಯಾಕ್ಟರ್ ಹಿಂದೆ ನೇಗಿಲು ಕಟ್ಟೋದು ಮೂರು ಕಡೆ. ಕೆಳಗೆ ಎರಡು ಲಿಂಕ್, ಮೇಲೆ ಮಧ್ಯದಲ್ಲಿ ಒಂದು ಟಾಪ್ ಲಿಂಕ್. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ 1920ರ ದಶಕದಲ್ಲಿ ರೂಪಿಸಿದ ವ್ಯವಸ್ಥೆ ಇದು. ಅವನ ಹೆಸರು ಇವತ್ತಿಗೂ ಮ್ಯಾಸ್ಸಿ ಫರ್ಗ್ಯೂಸನ್ ಟ್ರ್ಯಾಕ್ಟರ್ ಮೇಲಿದೆ. ಕೆಳಗಿನ ಎರಡು ಲಿಂಕ್ ನೇಗಿಲನ್ನು ಎಳೆಯುತ್ತವೆ, ಎತ್ತುತ್ತವೆ. ಟಾಪ್ ಲಿಂಕ್‌ನ ಎರಡೂ ತುದಿಗೆ ಮರೆ ಇರುತ್ತೆ. ತಿರುಗಿಸಿ ಗಿಡ್ಡ ಮಾಡಿದರೆ ನೇಗಿಲ ಮೂತಿ ನೆಲಕ್ಕೆ ಇಳಿಯುತ್ತೆ, ಉದ್ದ ಮಾಡಿದರೆ ಮೂತಿ ಏಳುತ್ತೆ. ಮಸಾರಿ ಹೊಲ ಬಿಟ್ಟು ಎರೆ ಹೊಲಕ್ಕೆ ಇಳಿದರೆ ದೊಡ್ಡಪ್ಪ ಮೊದಲು ಕೈ ಹಾಕೋದು ಅದಕ್ಕೇ. ಅವರ ಅಪ್ಪನ ಕಾಲದ ಮರದ ನೇಗಿಲಲ್ಲೂ ಇದೇ ಲೆಕ್ಕ ಇತ್ತಂತೆ. ನೊಗಕ್ಕೆ ಈಸು ಕಟ್ಟೋ ಜಾಗವನ್ನು ಹಿಂದೆ ಮುಂದೆ ಮಾಡಿದರೆ ಕುಳ ಇಳಿಯೋ ಆಳ ಬದಲಾಗೋದು. ಎತ್ತರ ಬದಲಾದರೆ ಉದ್ದ ಬದಲಾಗಬೇಕು, ಇಲ್ಲದಿದ್ದರೆ ಕೋನ ಕೆಡುತ್ತೆ. ನನಗೆ ಮೂರನೇ ಸೆಮ್‌ನಲ್ಲಿ ಲಿಂಕೇಜ್ ಅಂತ ಸಿಕ್ಕಿದ್ದನ್ನು ಅವರು ನಲವತ್ತು ವರ್ಷದಿಂದ ಕೈಯಲ್ಲಿ ತಿರುಗಿಸ್ತಿದ್ದಾರೆ.

ಅವರ ಪ್ರಶ್ನೆ ಸರಿಯಾದ ಜಾಗಕ್ಕೆ ಬಿತ್ತು. ಜಿಮ್ನಿಯಲ್ಲಿ ಟಾಪ್ ಲಿಂಕ್ ಇಲ್ಲ. 2020ರಲ್ಲಿ ಬಂದ ಥಾರ್‌ನ ಹಿಂದಿನ ಆಕ್ಸಲ್ ನೋಡಿದರೆ ಮೇಲೆ ಕೆಳಗೆ ಬೇರೆ ಬೇರೆ ಲಿಂಕ್‌ಗಳಿವೆ. ಅಲ್ಲಿ ಉದ್ದ ಹೊಂದಿಸೋಕೆ ಬರೋ ಮೇಲಿನ ಆರ್ಮ್ ಹಾಕಿದರೆ ಟ್ರ್ಯಾಕ್ಟರ್ ಹಾಗೇ ಆಕ್ಸಲ್ ಕೋನ ಸರಿ ಮಾಡಬಹುದು. ಜಿಮ್ನಿಯ ಆರ್ಮ್ ಮೇಲಿನ ಲಿಂಕ್, ಕೆಳಗಿನ ಲಿಂಕ್ ಎರಡನ್ನೂ ಸೇರಿಸಿ ಎರಕ ಹೊಯ್ದ ಹಾಗೆ. ತಿರುಗಿಸೋಕೆ ಮರೆ ಇಲ್ಲ. ಆದ್ದರಿಂದ ಎತ್ತರ ಬದಲಿಸಿದರೆ ಆರ್ಮ್‌ಗೆ ಏನಾದರೂ ಮಾಡಲೇಬೇಕು. ದಾರಿ ಮೂರು.

ಒಂದು, ಆಫ್‌ಸೆಟ್ ಬುಷ್. ತೂತು ಮಧ್ಯದಲ್ಲಿರದೆ ಸ್ವಲ್ಪ ಪಕ್ಕಕ್ಕಿರೋ ಬುಷ್ ಹಾಕಿ ಆಕ್ಸಲ್ ಅನ್ನು ಒಂದಷ್ಟು ಹಿಂದಕ್ಕೆ ತಿರುಗಿಸೋದು. ಅಗ್ಗ. ಆದರೆ ತಿದ್ದುವ ಶಕ್ತಿಗೆ ಮಿತಿ ಇದೆ, ಚಕ್ರ ಹಿಂದೆ ಸರಿದಿದ್ದನ್ನು ಅದು ಸರಿ ಮಾಡಲ್ಲ. ಎರಡು, ಡ್ರಾಪ್ ಬ್ರಾಕೆಟ್. ಚಾಸಿ ಎಷ್ಟು ಮೇಲೆ ಹೋಯಿತೋ ಆರ್ಮ್‌ನ ತುದಿಯನ್ನು ಅಷ್ಟು ಕೆಳಗೆ ತಂದು ಕಟ್ಟೋದು. ಆರ್ಮ್‌ನ ಓರೆಯೇ ಮೊದಲಿನಂತಾಗುತ್ತೆ, ಜ್ಯಾಮಿತಿ ದೃಷ್ಟಿಯಿಂದ ಇದು ಅಚ್ಚುಕಟ್ಟು. ಆದರೆ ಆ ಬ್ರಾಕೆಟ್ ಕೆಳಗೆ ನೇತಾಡುತ್ತೆ. ಕಲ್ಲು ತಾಗದಿರಲಿ ಅಂತ ಎತ್ತರ ಮಾಡಿದ ಗಾಡಿಗೆ ಕಲ್ಲು ತಾಗೋಕೆ ಹೊಸ ಜಾಗ ಮಾಡಿಕೊಟ್ಟ ಹಾಗೆ. ಮೂರು, ಆ ಎತ್ತರಕ್ಕೇ ಅಂತ ಮಾಡಿದ ಹೊಸ ಆರ್ಮ್. ಅದರಲ್ಲಿ ಬುಷ್ ಕೂರೋ ಜಾಗಗಳ ಕೋನವನ್ನೇ ಬದಲಿಸಿರ್ತಾರೆ, ಉದ್ದ ಕೂಡ ಸ್ವಲ್ಪ ಹೆಚ್ಚಿರಬಹುದು. ಇದು ಒಳ್ಳೆ ದಾರಿ, ದುಬಾರಿ ದಾರಿ.

ಮೂರನೇ ದಾರಿಯಲ್ಲೂ ಒಂದು ಎಚ್ಚರ ಬೇಕು. 50 ಮಿಲಿಮೀಟರ್‌ಗೆ ಮಾಡಿದ ಆರ್ಮ್ ಅನ್ನು 25 ಎತ್ತಿದ ಗಾಡಿಗೆ ಹಾಕಿದರೆ ಕ್ಯಾಸ್ಟರ್ ಬೇಕಾದ್ದಕ್ಕಿಂತ ಹೆಚ್ಚಾಗಿ ಸ್ಟೀರಿಂಗ್ ಭಾರ ಆಗುತ್ತೆ. 75ಕ್ಕೆ ಹಾಕಿದರೆ ಕಡಿಮೆ ಬೀಳುತ್ತೆ. ‘ದೊಡ್ಡದು ಹಾಕಿದರೆ ಸೇಫ್’ ಅನ್ನೋ ಮಾತು ಇಲ್ಲಿ ನಡೆಯಲ್ಲ, ಅಳತೆಗೆ ಅಳತೆ ಕೂಡಬೇಕು. ಇನ್ನೊಂದು ತೊಡಕು ಪ್ರೊಪೆಲ್ಲರ್ ಶಾಫ್ಟ್‌ನದು. ಆಕ್ಸಲ್ ಅನ್ನು ಹಿಂದಕ್ಕೆ ತಿರುಗಿಸಿ ಕ್ಯಾಸ್ಟರ್ ತಂದುಕೊಂಡರೆ ಮುಂದಿನ ಡಿಫರೆನ್ಷಿಯಲ್‌ನ ಪಿನಿಯನ್ ಮೂತಿ ಕೆಳಗಾಗುತ್ತೆ, ಶಾಫ್ಟ್ ಜಾಯಿಂಟ್‌ನ ಕೋನ ಹೆಚ್ಚುತ್ತೆ. ಕೈನೆಮ್ಯಾಟಿಕ್ಸ್‌ನಲ್ಲಿ ಹುಕ್ಸ್ ಜಾಯಿಂಟ್ ಓದಿದವರು ನೆನಪು ಮಾಡಿಕೊಳ್ಳಿ: ಎರಡು ತುದಿಯ ಕೋನ ಸಮ ಇದ್ದರೆ ಮಾತ್ರ ವೇಗದ ಏರಿಳಿತ ಒಂದನ್ನೊಂದು ಹೊಡೆದುಹಾಕುತ್ತೆ. ಇಲ್ಲದಿದ್ದರೆ ಶಾಫ್ಟ್ ಅದುರುತ್ತೆ. ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ ಆ ಸೂತ್ರ ನಮ್ಮ ಅಂಗಳದಲ್ಲಿ ಮಲಗಿತ್ತು.

ಚಕ್ರ ನಡುಗಿದ್ದಕ್ಕೆ ಕ್ಯಾಸ್ಟರ್ ಒಂದೇ ಕಾರಣ ಅಂತ ಹೇಳಲ್ಲ. ಅಡ್ಡ ರಾಡ್‌ನ ಒಂದು ಬುಷ್ ಸವೆದು ಆಟ ಬಂದಿತ್ತು. ಹೊಸ ಓರೆಯಲ್ಲಿ ಆ ಬುಷ್ ಯಾವಾಗಲೂ ತಿರುಚಿಕೊಂಡೇ ಕೂತಿರುತ್ತೆ, ಬೇಗ ಸವೆಯೋದು ಸಹಜ. ಡ್ಯಾಂಪರ್ ಬದಲಿಸಿದ್ದರಿಂದ ಸದ್ದು ಅಡಗಿತ್ತೇ ಹೊರತು ರೋಗ ಹೋಗಿರಲಿಲ್ಲ.

ಸರಿ, ಆರ್ಮ್ ತರಿಸೋಣ ಅಂತ ಅಣ್ಣ ತಯಾರಾದ. ಸ್ಪ್ರಿಂಗ್‌ಗಿಂತ ಆರ್ಮ್ ಖರ್ಚೇ ಜಾಸ್ತಿ, ಜೊತೆಗೆ ಹೊಂದಿಸೋಕೆ ಬರೋ ಅಡ್ಡ ರಾಡ್ ಎರಡು. ಆದರೂ ಎತ್ತರ ಬಿಡೋಕೆ ಅವನಿಗೆ ಮನಸ್ಸಿಲ್ಲ. ಆಗ ನಾನು ಇನ್ನೊಂದು ಅಳತೆ ತೆಗೆಯೋಣ ಅಂದೆ. ನೆಲದಿಂದ ಡಿಫರೆನ್ಷಿಯಲ್ ಗುಂಡಿನ ತಳಕ್ಕೆ ಎಷ್ಟು?

ಜಿಮ್ನಿಗೆ ಕಂಪನಿ ಹೇಳೋ ಗ್ರೌಂಡ್ ಕ್ಲಿಯರೆನ್ಸ್ 210 ಮಿಲಿಮೀಟರ್. ನಾವು ಅಳೆದಾಗ ಡಿಫರೆನ್ಷಿಯಲ್ ಕೆಳಗೆ ಹೆಚ್ಚು ಕಡಿಮೆ ಅಷ್ಟೇ ಇತ್ತು. 50 ಎತ್ತಿದ ಗಾಡಿಯಲ್ಲೂ ಅಷ್ಟೇ! ಯೋಚನೆ ಮಾಡಿದರೆ ಆಶ್ಚರ್ಯ ಏನಿಲ್ಲ. ಗಟ್ಟಿ ಆಕ್ಸಲ್ ಕೂತಿರೋದು ಚಕ್ರಗಳ ಮೇಲೆ, ಸ್ಪ್ರಿಂಗ್ ಇರೋದು ಆಕ್ಸಲ್‌ನ ಮೇಲೆ. ಸ್ಪ್ರಿಂಗ್ ಎಷ್ಟೇ ಉದ್ದ ಮಾಡಿ, ಮೇಲೇಳೋದು ಬಾಡಿ ಮಾತ್ರ. ಆಕ್ಸಲ್ ಎತ್ತಬೇಕಾದರೆ ದೊಡ್ಡ ಟೈರ್ ಬೇಕು. ಲಿಫ್ಟ್‌ನಿಂದ ಲಾಭ ಇಲ್ಲ ಅಂತಲ್ಲ. ದೊಡ್ಡ ಟೈರ್ ಕೂರೋಕೆ ಜಾಗ ಆಗುತ್ತೆ, ದಿಬ್ಬ ಹತ್ತಿ ಇಳಿಯುವಾಗ ಹೊಟ್ಟೆ, ಬಂಪರ್ ತಾಗಲ್ಲ. ಆದರೆ ಅಣ್ಣನ ದಾರಿಯಲ್ಲಿ ತೊಂದರೆ ಕೊಡೋದು ನಡುವೆ ಎದ್ದಿರೋ ಕಲ್ಲು. ಅದು ತಾಗೋದು ಡಿಫರೆನ್ಷಿಯಲ್‌ಗೆ. ಅವನು ಯಾವ ಕಲ್ಲಿಗಾಗಿ ಎತ್ತರದ ಗಾಡಿ ಬೇಕು ಅಂತಿದ್ದನೋ ಆ ಕಲ್ಲಿಗೆ ಈ ಎತ್ತರ ಗೊತ್ತೇ ಇರಲಿಲ್ಲ.

ಅಣ್ಣ ಟೇಪ್ ಕೈಗೆ ತಗೊಂಡು ತಾನೇ ಮತ್ತೊಮ್ಮೆ ಅಳೆದ. ಆಮೇಲೆ ಏನೂ ಮಾತಾಡಲಿಲ್ಲ.

ಸಂಜೆ ಊಟಕ್ಕೆ ಕೂತಾಗ ಕಾನೂನಿನ ಮಾತೂ ಬಂತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರ ತಯಾರಕರು ಮೂಲದಲ್ಲಿ ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ ಓನರ್‌ಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ‘ಸ್ಪ್ರಿಂಗ್ ಎತ್ತರ ಆರ್‌ಸಿಯಲ್ಲಿ ಎಲ್ಲಿ ಬರೆದಿರ್ತಾರೆ’ ಅಂತ ವಾದ ಮಾಡೋರಿದ್ದಾರೆ. ಅಪಘಾತ ಆದಮೇಲೆ ಇನ್ಶೂರೆನ್ಸ್ ಸರ್ವೇಯರ್ ಮುಂದೆ ನಿಂತು ಆ ವಾದ ಮಾಡೋ ದಿನ ಯಾರಿಗೂ ಬರೋದು ಬೇಡ.

ದೊಡ್ಡಪ್ಪ ಕಾನೂನಿಗೆ ಹೋಗಲಿಲ್ಲ, ತೇರಿಗೆ ಹೋದರು. 2017ರ ಫೆಬ್ರುವರಿಯಲ್ಲಿ ಕೊಟ್ಟೂರು ಗುರುಬಸವೇಶ್ವರನ ತೇರು ಎಳೆಯುವಾಗ ಉರುಳಿ ಬಿತ್ತು. ನಮ್ಮ ಕಡೆ ಅದನ್ನ ಮರೆತವರಿಲ್ಲ. ‘ತೇರು ಎತ್ತರ ಐತಿ ಅಂತ ಬೀಳಲಿಲ್ಲಪ್ಪ. ಅಷ್ಟೆತ್ತರ ವರ್ಷಾ ವರ್ಷಾ ಎಳೀತಿದ್ವಿ. ಬಿದ್ದದ್ದು ಅಚ್ಚು ಮುರಿದು’ ಅಂದರು. ಮತ್ತೇನೂ ಹೇಳಲಿಲ್ಲ, ರೊಟ್ಟಿ ಮುರಿದರು.

ಮರುವಾರ ಗೋಣಿಚೀಲದ ಸ್ಪ್ರಿಂಗ್, ಶಾಕ್ ವಾಪಸ್ ಹಾಕಿಸಿದರು. ಅಡ್ಡ ರಾಡ್‌ನ ಬುಷ್ ಹೊಸದು. ಅಲೈನ್‌ಮೆಂಟ್ ಪ್ರಿಂಟ್‌ಔಟ್ ಅಣ್ಣ ನನಗೆ ವಾಟ್ಸಾಪ್ ಮಾಡಿದ: ಕ್ಯಾಸ್ಟರ್ ಹಸಿರು ಬಣ್ಣದಲ್ಲಿ, ಕಂಪನಿ ಹೇಳಿದ ಮಿತಿಯೊಳಗೆ. ಆರ್ಮ್‌ಗೆ ಅಂತ ಇಟ್ಟಿದ್ದ ದುಡ್ಡಲ್ಲಿ ಅದೇ ಸೈಜಿನ ಒಳ್ಳೆ ಆಲ್ ಟೆರೈನ್ ಟೈರ್ ಮತ್ತು ಡಿಫರೆನ್ಷಿಯಲ್ ಕೆಳಗೆ ಒಂದು ಗಾರ್ಡ್ ಹಾಕಿಸಿಕೊಂಡ. ಮಗಳು ಶಾಲೆಗೆ ಮತ್ತೆ ಅದರಲ್ಲೇ ಹೋಗ್ತಾಳೆ. ಗಾಡಿ ಮೊದಲಿನ ಹಾಗೆ ಹುಲಿ ಥರ ಕಾಣಲ್ಲ ಅನ್ನೋ ಬೇಜಾರು ಅವನಿಗೆ ಈಗಲೂ ಇದೆ. ಅದು ಇರಲಿ ಬಿಡಿ. ಕಷ್ಟಪಟ್ಟು ದುಡಿದು ತಗೊಂಡ ಗಾಡಿ ಚೆನ್ನಾಗಿ ಕಾಣಲಿ ಅಂತ ಆಸೆಪಡೋದರಲ್ಲಿ ತಪ್ಪೇನೂ ಇಲ್ಲ.

ಇದನ್ನ ಓದೋರಲ್ಲಿ ಮುಂದೆ ಗಾಡಿ ತಗೊಳ್ಳೋರು, ಲಿಫ್ಟ್ ಮಾಡಿದ ಸೆಕೆಂಡ್ ಹ್ಯಾಂಡ್ ನೋಡೋಕೆ ಹೋಗೋರು ಇದ್ದೇ ಇರ್ತೀರ. ಹೋದಾಗ ಬಾನೆಟ್ ಎತ್ತೋ ಮುಂಚೆ ಕೆಳಗೆ ಬಗ್ಗಿ. ಆರ್ಮ್ ಎಷ್ಟು ಓರೆ ಇದೆ ನೋಡಿ. ಎಡ ಬಲ ಟೈರ್ ಒಂದೇ ಸಮ ಹೊರಗೆ ಬಂದಿವೆಯಾ ನೋಡಿ. ಬ್ರೇಕ್ ಹೋಸ್ ಬಿಗಿಯಾಗಿ ಎಳೆದುಕೊಂಡಿದೆಯಾ ಮುಟ್ಟಿ ನೋಡಿ. ಅಲೈನ್‌ಮೆಂಟ್ ಮಾಡಿಸಿ ಕ್ಯಾಸ್ಟರ್ ಸಂಖ್ಯೆ ಕೇಳಿ, ‘ಸರಿ ಇದೆ ಸಾರ್’ ಅನ್ನೋ ಉತ್ತರಕ್ಕೆ ಒಪ್ಪಬೇಡಿ. ಮಾರೋರು ‘ಎರಡು ಇಂಚು ಲಿಫ್ಟ್ ಇದೆ’ ಅಂದರೆ, ಆರ್ಮ್ ಎಷ್ಟು ಇಂಚಿನದು ಅಂತ ಕೇಳಿ. ಅವರು ಮುಖ ಮುಖ ನೋಡಿಕೊಂಡರೆ, ಕಂಪನಿ ಸ್ಪ್ರಿಂಗ್ ಇದ್ದರೆ ಅದನ್ನೂ ಒಂದು ಗೋಣಿಚೀಲದಲ್ಲಿ ಹಾಕಿ ಕೊಡಿ ಅನ್ನಿ.